ಮೊರದ ಪಾಲು

ಆಷಾಢದ ಆ ಬೆಳಗ್ಗೆ ಶಿವರುದ್ರಪ್ಪನವರು ಪೂಜೆ ಮುಗಿಸಿ, ಅಂಗೈಯ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯೊಳಗೆ ಇಡುತ್ತಿದ್ದರು. ಮಗ ಬಸವಪ್ರಭು ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಫೋನಿತ್ತು.

"ಯಾರದು ಫೋನು?"

"ಇಂದಾಪುರದಿಂದ. ಮಾವ ಮಾಡಿದ್ದರು."

"ಏನಂತ?"

"ಅಪ್ಪಾ, ನೀವು ಮೊದಲ ಕುಂದರ್ರಿ."

ಶಿವರುದ್ರಪ್ಪನವರು ಕುಳಿತೇ ಇದ್ದರು. ಕುಳಿತವರಿಗೆ ಕುಳಿತುಕೊಳ್ಳಿರೆಂದು ಮಗ ಹೇಳಿದಾಗಲೇ ಅವರಿಗೆ ತಿಳಿಯಿತು. ಕರಡಿಗೆಯ ಮುಚ್ಚಳ ಹಾಕಿ ಕೊರಳಿಗೆ ಕಟ್ಟಿಕೊಂಡು, "ಯಾವಾಗ?" ಎಂದು ಕೇಳಿದರು.

ಅವರ ಹೆಂಡತಿ ಗೌರಾಬಾಯಿ ಪ್ರತಿ ಆಷಾಢದಲ್ಲಿ ಇಂದಾಪುರದ ತವರಿಗೆ ಹೋಗುತ್ತಿದ್ದರು. ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳ ಪಲ್ಲಕ್ಕಿ ಆ ಊರಿನಲ್ಲಿ ತಂಗುತ್ತದೆ. ಅವರಿಗೆ ಭಾಕರಿ, ಅಂದರೆ ರೊಟ್ಟಿ, ಬಡಿದು ಹಾಕುವುದು ಗೌರಾಬಾಯಿಯ ತವರಿನ ಸೇವೆ. ಹಿಂದಿನ ದಿನವೂ ಹೊತ್ತು ಮುಳುಗುವವರೆಗೆ ಒಲೆಯ ಮುಂದೆ ಕುಳಿತು ರಾಶಿ ಭಾಕರಿ ಮಾಡಿದ್ದರಂತೆ. ತಮ್ಮನ ಹೆಂಡತಿ, "ಅಕ್ಕಾ, ಸಾಕು ಏಳ್ರಿ" ಎಂದರೆ, "ನನ್ನ ಕೈ ಇನ್ನೂ ಸೋತಿಲ್ಲ, ನೀ ಹಿಟ್ಟು ತಾ" ಎಂದು ನಕ್ಕಿದ್ದರಂತೆ. ಉಂಡು ಮಲಗಿದವರು ಏಳಲಿಲ್ಲ.

ಪುಣೆಯ ವಾಕಡದಿಂದ ಕಾರಿನಲ್ಲಿ ಹೊರಟರು. ಮಗ ನಡೆಸುತ್ತಿದ್ದ, ಸೊಸೆ ಸಪ್ನಾ ಹಿಂದೆ ಕುಳಿತು ಸದ್ದಿಲ್ಲದೆ ಅಳುತ್ತಿದ್ದಳು. ಇಂದಾಪುರ ಹತ್ತಿರವಾದಂತೆ ಸೋಲಾಪುರ ರಸ್ತೆಯ ತುಂಬ ವಾರಕರಿಗಳು. ಪೊಲೀಸರು ಗಾಡಿಗಳನ್ನೆಲ್ಲ ನಿಲ್ಲಿಸಿದ್ದರು. ಬಸವಪ್ರಭು ಇಳಿದು ಹೋಗಿ ಮರಾಠಿಯಲ್ಲಿ ಏನೋ ಹೇಳಿದ. ತಾಳ ಹಿಡಿದ ಮುದುಕನೊಬ್ಬ ಕೈಯೆತ್ತಿ ಸಾಲಿಗೆ ಸಾಲನ್ನೇ ಬದಿಗೆ ಸರಿಸಿದ. ಕಾರು ಆ ಸಂದಿಯಲ್ಲಿ ಮೆಲ್ಲಗೆ ಸಾಗುವಾಗ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸೊಬ್ಬಳು ಒಂದು ಕುಡಿ ಕಿತ್ತು ಕಿಟಕಿಯೊಳಗೆ ಶಿವರುದ್ರಪ್ಪನವರ ಕೈಗಿಟ್ಟಳು. ಅಲ್ಲಿಯವರೆಗೆ ಅವರ ಕಣ್ಣು ಒಣಗಿತ್ತು. ನಿನ್ನೆ ಗೌರಾ ಹಾಕಿದ ಭಾಕರಿ ಉಂಡವರಲ್ಲಿ ಇವಳೂ ಒಬ್ಬಳಿರಬಹುದು ಎನಿಸಿದ ಕೂಡಲೇ ತಡೆಯಲಾಗಲಿಲ್ಲ.

ಅವರ ಪದ್ಧತಿಯಂತೆ ವಿಭೂತಿ ಹಚ್ಚಿ, ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಇಂದಾಪುರದ ಮಣ್ಣಿನಲ್ಲೇ ಗೌರಾಬಾಯಿಯನ್ನು ಸಮಾಧಿ ಮಾಡಿದರು. ಇಂಥ ಸಾವು ಕೇಳಿ ಪಡೆಯುವಂಥದ್ದಲ್ಲ, ದೇವರು ಕೊಟ್ಟರೆ ಸಿಕ್ಕುವಂಥದ್ದು ಎಂದು ಬಂದವರೆಲ್ಲ ಹೇಳಿದರು. ಶಿವರುದ್ರಪ್ಪನವರು ಹೌದೆಂದು ತಲೆಯಾಡಿಸಿದರು.

ಆದರೆ ವಾಕಡದ ಮನೆಗೆ ಮರಳಿ ಅಡುಗೆಮನೆಯ ಬಾಲ್ಕನಿಗೆ ಹೋದಾಗ, ಗೋಡೆಗೆ ತೂಗುಹಾಕಿದ್ದ ಬಿದಿರಿನ ಮೊರ ಕಣ್ಣಿಗೆ ಬಿತ್ತು. ಅದರೊಂದಿಗೆ ಕಳೆದ ವರ್ಷದ ಒಂದು ಮಾತೂ ನೆನಪಾಯಿತು.

ಮೊರದ ಕತೆ ಹೀಗಿದೆ. ಭಾದ್ರಪದದ ಅಮಾವಾಸ್ಯೆಯ ದಿನ ಎಲ್ಲರ ಮನೆಯಲ್ಲೂ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಶಿವರುದ್ರಪ್ಪನವರ ಮನೆಯಲ್ಲಿ ಅಜ್ಜ, ಅಜ್ಜಿ, ತಂದೆ, ತಾಯಿಗೆ ಬಾಳೆಯೆಲೆ ಹಾಕಿ ಬಡಿಸಿದ ಮೇಲೆ, ಸಾಲಿನ ಕೊನೆಯಲ್ಲಿ ಒಂದು ಮೊರ ಇಡುತ್ತಿದ್ದರು. ಅದರಲ್ಲಿ ಜೋಳದ ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ ಕಟ್ಟಿದ ಒಂದು ಉಂಡೆ, ಮೇಲೆ ಹೆಬ್ಬೆರಳಿನಿಂದ ಒತ್ತಿದ ಗುಳಿ, ಗುಳಿಯಲ್ಲಿ ಹುರುಳಿ ಸಾರು. ಪಕ್ಕದಲ್ಲಿ ಬಿಳಿ ಬಟ್ಟೆಯ ಚೂರಿನಲ್ಲಿ ಕಟ್ಟಿದ ಒಂದು ಹಿಡಿ ಅವರೆಕಾಳು. ವರ್ಷವಿಡೀ ರೊಟ್ಟಿ ತಿನ್ನುವ ಆ ಮನೆಯಲ್ಲಿ ಉಂಡೆ ಕಟ್ಟುತ್ತಿದ್ದುದು ಆ ಒಂದು ದಿನ ಮಾತ್ರ. ಅದು ಯಾರ ಪಾಲು ಎಂದು ಕೇಳಿದರೆ ಅಜ್ಜಿ, "ನಿಮ್ಮಜ್ಜ ಇಡ್ತಿದ್ದರು, ನಾವೂ ಇಡೂದು. ಯಾಕ ಅಂತ ಕೇಳೂದರೊಳಗ ಅವರು ಹೋಗಿಬಿಟ್ಟರು" ಎನ್ನುತ್ತಿದ್ದಳು. ಪುಣೆಯ ಖಡಕಿಯ ಮಿಲಿಟರಿ ಡಿಪೋದಲ್ಲಿ ಹೇಸರಗತ್ತೆ ಗಾಡಿ ಹೊಡೆಯುತ್ತಿದ್ದ ಅಜ್ಜ ಮಲ್ಲಪ್ಪ, ಕಿರಿಯ ಮಗ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ತೀರಿಕೊಂಡಿದ್ದ. ಅವನೊಂದಿಗೆ ಅವನ ಊರಿನ ಹೆಸರೂ ಹೋಗಿತ್ತು. ಮನೆದೇವರು ಮಹಾದೇವ ಎನ್ನುವುದೊಂದು ಉಳಿದಿತ್ತು. ಪುಣೆಯಲ್ಲಿದ್ದವರಿಗೆ ಮಹಾದೇವನೆಂದರೆ ಶಿಖರ ಶಿಂಗಣಾಪುರದವನೇ. ಶಿವರುದ್ರಪ್ಪನವರ ತಂದೆ ಪ್ರತಿ ಚೈತ್ರದಲ್ಲಿ ಆ ಬೆಟ್ಟ ಹತ್ತಿಬರುತ್ತಿದ್ದರು.

ಮೊರದ ಅನ್ನವನ್ನು ಕಾಗೆಗೆ ಇಡಬೇಕೆಂದು ಶಿವರುದ್ರಪ್ಪನವರ ತಾಯಿಯ ಕಟ್ಟಪ್ಪಣೆ. ಗೌರಾಬಾಯಿ ಮಾತ್ರ ಅತ್ತೆಯ ಕಣ್ಣು ತಪ್ಪಿಸಿ ಬಾಗಿಲಿಗೆ ಬಂದವರಿಗೆ ಅದನ್ನು ಉಣ್ಣಿಸುತ್ತಿದ್ದರು. ಅತ್ತೆಗೆ ಗೊತ್ತಾದಾಗ, "ಸತ್ತವರ ಕೂಳು ಇದ್ದವರಿಗೆ ಹಾಕ್ತೀಯಲ್ಲ, ನಿನಗೇನು ದೇವರು ದಿಂಡರು ಇಲ್ಲೇನ?" ಎಂದು ರೇಗಿದ್ದಳು. ಗೌರಾಬಾಯಿ ತಲೆ ತಗ್ಗಿಸಿ, "ಕಾಗಿ ಎಲ್ಲಿ ಬರ್ತದ್ರಿ ಅತ್ತಿ, ಬರೇ ಪಾರಿವಾಳ ಬರ್ತಾವ. ಅಜ್ಜ ಪಾರಿವಾಳ ಆಗಿ ಬಂದಾರೇನು?" ಎಂದಿದ್ದರು. ಅತ್ತೆ ಕಾಲವಾದ ಮೇಲೆ ಕದ್ದು ಮಾಡುವುದು ತಪ್ಪಿತು. ಸೊಸೈಟಿಯ ನಲ್ಲಿ ರಿಪೇರಿ ಮಾಡುವ ಬಾಳು ಪ್ರತಿ ಅಮಾವಾಸ್ಯೆಗೆ, ಯಾರೂ ಕರೆಯದಿದ್ದರೂ, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ನಲ್ಲಿ ತಿರುಪುವ ಪಾನಾ ಹಿಡಿದು ಬಾಗಿಲು ತಟ್ಟುತ್ತಿದ್ದ.

ಕಳೆದ ವರ್ಷ ಎಲೆಗಳನ್ನು ತೆಗೆಯುತ್ತ ಗೌರಾಬಾಯಿ ಗಂಡನನ್ನು ಕೇಳಿದ್ದರು, "ಏನ್ರಿ, ಈ ಮೊರದವರು ಯಾರು ಅಂತ ಇನ್ನೂ ಪತ್ತೆ ಹಚ್ಚಲಿಲ್ಲಲ್ಲ ನೀವು?"

"ಯಾರರೆ ಇರ್ಲಿ ಬಿಡು. ಹಿರಿಯರು."

"ಯಾರರೆ ಅಂದ್ರ ಹ್ಯಾಂಗ್ರಿ? ನಾಳೆ ನಾ ಹೋದರ ನನ್ನ ಎಲಿನೂ ಇಲ್ಲೇ ಹಾಕ್ತೀರಿ. ಪಕ್ಕದಾಗ ಕುಂತವರು ಯಾವ ಊರವರು, ಏನು ಹೆಸರು ಅಂತ ನಾ ಮಾತಾಡಸಬ್ಯಾಡೇನು? ಗುರುತಿಲ್ಲದವರ ಪಂಕ್ತಿಯೊಳಗ ನನ್ನ ಕುಂದ್ರಸಬ್ಯಾಡ್ರಿ, ಹೇಳೀನಿ."

"ನೀ ಮಾತಾಡಲಾರದ ಉಣ್ಣಾಕಿ ಅಲ್ಲ, ಅದು ಗೊತ್ತದ."

"ಹೌದಲ್ಲ? ಮತ್ತ ಹುಡುಕ್ರಿ."

ಆ ದಿನ ಇಬ್ಬರೂ ನಕ್ಕಿದ್ದರು. ಈಗ ಮೊರದ ಮುಂದೆ ನಿಂತ ಶಿವರುದ್ರಪ್ಪನವರಿಗೆ ಅದೊಂದು ಆಜ್ಞೆಯಂತೆ ಕೇಳಿಸಿತು. ಈ ಭಾದ್ರಪದದಲ್ಲಿ ಗೌರಾಳ ಮೊದಲ ಎಲೆ ಬೀಳಬೇಕು. ಅದಕ್ಕೂ ಮೊದಲು ಅವಳ ಪಕ್ಕದವರ ಹೆಸರು ತಿಳಿದಿರಬೇಕು. ಅಷ್ಟೂ ಮಾಡದಿದ್ದರೆ ಇಷ್ಟು ವರ್ಷ ಅವಳು ತನ್ನ ಮನೆತನದ ಒಲೆ ಉರಿಸಿದ್ದಕ್ಕೆ ತಾನು ಏನು ಕೊಟ್ಟಂತಾಯಿತು?

ಅವರು ಮೊದಲು ಸೋಲಾಪುರದಲ್ಲಿದ್ದ ದೊಡ್ಡಪ್ಪನ ಮಗ ರೇವಣಸಿದ್ಧನನ್ನು ಕೇಳಿದರು. "ನಾವು ಇಂಡಿ ಕಡೆಯವರಲ್ಲೇನು? ಸಣ್ಣವನಿದ್ದಾಗ ಅಜ್ಜಿ ನನ್ನ ಅಲ್ಲಿಗೆ ಕರಕೊಂಡು ಹೋಗಿದ್ದಳು" ಎಂದ ಅವನು. ಊರಿನ ಹೆಸರನ್ನೂ ಹೇಳಿದ. ಶ್ರಾವಣದಲ್ಲಿ ಶಿವರುದ್ರಪ್ಪನವರು ಬಸ್ಸು ಹಿಡಿದು ಅಲ್ಲಿಗೆ ಹೋದರು. ಮಠದ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಆದರದಿಂದ ಮಾತನಾಡಿಸಿ, ಜೋಳದ ಉಂಡೆಯ ಸುದ್ದಿ ಕೇಳಿ ಗಟ್ಟಿಯಾಗಿ ನಕ್ಕರು.

"ಜ್ವಾಳದ ಹಿಟ್ಟಿಂದು ಉಂಡಿ? ಇಂಥಾ ಬಿಳಿಜ್ವಾಳ ಬೆಳಕೊಂಡು ಯಾರು ಉಂಡಿ ಕಟ್ತಾರ್ರಿ? ನಿಮ್ಮಜ್ಜಿ ನಮ್ಮೂರ ಮಗಳು ಹೌದು. ಕೊಟ್ಟದ್ದು ಪುಣೆದಾಗ ಇದ್ದವಗ. ಆದರ ಆ ಅಳಿಯ ನಮ್ಮ ಕಡೆಯವ ಅಲ್ಲ. ಅಂವಾ ಮಾತಾಡೂ ಕನ್ನಡ ನಮ್ಮ ಹಿರಿಯರಿಗೆ ತಿಳೀತಿರಲಿಲ್ಲಂತ. ಭಾಳ ಕೆಳಗಿನವ, ಗುಡ್ಡದ ಕಡೆಯವ ಅಂತಿದ್ದರು."

ಹೀಗೆ ಅಜ್ಜಿಯ ತವರನ್ನೇ ಅಜ್ಜನ ಊರೆಂದು ಎಲ್ಲರೂ ನಂಬಿದ್ದರು. ಪುಣೆಯಲ್ಲಿ ಅವರ ಸುತ್ತಮುತ್ತಲಿನ ಕನ್ನಡದವರೆಲ್ಲ ವಿಜಾಪುರ, ಕಲಬುರ್ಗಿಯವರು. ಆಡುವ ಮಾತೂ ಅಲ್ಲಿಯದೇ. ಬೇರೆ ಕಡೆಯಿಂದ ಬಂದಿರಬಹುದೆಂದು ಯಾರಿಗೂ ಅನಿಸಿರಲಿಲ್ಲ. ಅಜ್ಜಿಯ ಊರು ನೋಡಿದಂತಾಯಿತೆಂದು ಮನಸ್ಸಿಗೆ ಹೇಳಿಕೊಂಡು ಶಿವರುದ್ರಪ್ಪನವರು ಹಿಂತಿರುಗಿದರು. ಆದರೂ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾದಾಗಲೆಲ್ಲ, ಹುಡುಕಿದ್ದು ಇಷ್ಟೇ ಏನ್ರಿ ಎಂದು ಗೌರಾ ಕೇಳಿದಂತಾಗುತ್ತಿತ್ತು.

ಗಣಪತಿಗಳು ಹೋಗಿ ಪಿತೃಪಕ್ಷ ಹಿಡಿಯಿತು. ಸಪ್ನಾ ಇದುವರೆಗೆ ಉಂಡೆ ಕಟ್ಟಿದವಳಲ್ಲ. ಅತ್ತೆಯ ಕೈಯ ಕೆಲಸ ತನಗೆ ಬರಬೇಕೆಂದು ಒಂದು ಸಂಜೆ ಪಾತ್ರೆಯಲ್ಲಿ ಜೋಳದ ಹಿಟ್ಟು ಹಾಕಿ ಚಮಚದಿಂದ ತಿರುವುತ್ತಿದ್ದಳು. ಹಿಟ್ಟು ಗಂಟುಗಂಟಾಗಿತ್ತು. ಅದೇ ಹೊತ್ತಿಗೆ ಪಕ್ಕದ ವಿಂಗಿನ ಮಹದೇವಮ್ಮ ಬಂದರು. ಕೊಳ್ಳೇಗಾಲದ ಕಡೆಯ ಹೆಂಗಸು, ವಯಸ್ಸಿನಲ್ಲಿ ಶಿವರುದ್ರಪ್ಪನವರಿಗೆ ಸ್ವಲ್ಪ ಕಿರಿಯರು. ಮಗಳು ಶಾಲಿನಿಯ ಬಾಣಂತನಕ್ಕೆಂದು ಬಂದು ಮೊಮ್ಮಗುವಿನ ಮೋಹಕ್ಕೆ ಉಳಿದುಬಿಟ್ಟಿದ್ದರು. ಸೊಸೈಟಿಯ ಸೋಮವಾರದ ಭಜನೆಯಲ್ಲಿ ಸಪ್ನಾಳಿಗೆ ಪರಿಚಯ. ಗೌರಾಬಾಯಿ ಹೋದ ಮೇಲೆ ಆಗಾಗ ಬಂದು ಕೂತು ಹೋಗುತ್ತಿದ್ದರು.

ಪಾತ್ರೆಯೊಳಗೆ ಇಣುಕಿದ ಮಹದೇವಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ಇದ್ಯಾಕವ್ವ, ಹಿಟ್ಟನ್ನ ಚಮಚದಲ್ಲಿ ತೊಳಸ್ತಿದ್ದೀಯ? ಕೋಲು ಎಲ್ಲಿ?"

"ಯಾವ ಕೋಲ್ರಿ ಅಮ್ಮಾ?"

"ಹಿಟ್ಟಿನ ಕೋಲು ಕಣವ್ವ. ಮುದ್ದೆ ಅಲ್ವಾ ನೀನು ಮಾಡ್ತಿರೋದು? ಅದೂ ಜೋಳದ್ದು! ರಾಗಿ ಇರಲಿಲ್ವಾ?"

ಹೊರಗೆ ಕುಳಿತಿದ್ದ ಶಿವರುದ್ರಪ್ಪನವರು ಎದ್ದು ಒಳಗೆ ಬಂದರು. "ಏನಂದ್ರಿ? ಇದು ಮುದ್ದಿ ಏನು?"

"ಗುಳಿ ಮಾಡಿ ಸಾರು ಬುಡ್ತೀವಿ ಅಂತ ಮೊನ್ನೆ ಸಪ್ನಾ ಹೇಳ್ತಿದ್ಲು. ಇನ್ನೇನಣ್ಣ ಅದು? ರಾಗಿ ಸಿಕ್ಕದ ಊರಲ್ಲಿ ಯಾರೋ ಪಾಪ ಜೋಳದಲ್ಲೇ ತೊಳಸವ್ರೆ."

ಶಿವರುದ್ರಪ್ಪನವರು ಗೋಡೆಯಿಂದ ಮೊರ ತೆಗೆದು ತಂದರು. "ಇದರಾಗ ಇಡ್ತೀವ್ರಿ. ಎಲ್ಲಾರಿಗೂ ಎಲಿ, ಇದೊಂದು ಮಾತ್ರ ಮೊರದಾಗ."

ಮಹದೇವಮ್ಮನ ನಗು ನಿಂತಿತು. ಮೊರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೆಲದ ಮೇಲೆ ಕುಳಿತರು.

"ನಮ್ಮತ್ತೆ ತೌರೂರು ಹಾಲುಗಟ್ಟೆಪುರ ಅಂತ, ಮಾದಪ್ಪನ ಬೆಟ್ಟದ ಮಗ್ಗುಲಲ್ಲಿ. ಅಲ್ಲಿ ಒಂದೇ ಒಂದು ಮನೇಲಿ ಹಿಂದಿನ ಕಾಲದಿಂದ್ಲೂ ಹಿಂಗೆ ಮೊರದಲ್ಲಿ ಮಡಗ್ತಾರೆ ಕಣಣ್ಣ. ಮದುವೆಯಾದ ಹೊಸದ್ರಲ್ಲಿ ನಾನೇ ಕಂಡಿದ್ದೀನಿ. ಸತ್ತೋರಿಗೆ ಎಲೆ ಹಾಕ್ತಾರೆ. ಊರು ಬುಟ್ಟು ಹೋಗಿ, ಬದುಕವ್ರೋ ಇಲ್ವೋ ಸುದ್ದಿ ತಿಳೀದೋರಿಗೆ ಮೊರ. ಬದುಕಿರೋ ಹೆಣ್ಣುಮಗಳಿಗೆ ಬಾಗಿನ ಕೊಡೋದು ಮೊರದಲ್ಲೇ ಅಲ್ವಾ? ಹಂಗೆ, ಇದು ಬದುಕಿರೋರ ಪಾಲು."

"ಅಂದ್ರ ಆ ಅನ್ನ ಕಾಗಿಗೆ ಇಡೂದು..."

"ಅಯ್ಯೋ, ಕಾಗೆಗೆ ಇಡೋದುಂಟಾ? ಅದು ಮನ್ಸರಿಗೆ. ಮೊದಲು ಬಾಗಿಲಿಗೆ ಬಂದೋರು ಯಾರಾದ್ರೂ ಸೈ, ಕೂರ್ಸಿ ಉಣ್ಣಿಸಬೇಕು. ಇಲ್ಲಿ ಯಾರಿಗೋ ಇಕ್ಕಿದ್ರೆ ಅಲ್ಲಿ ನಮ್ಮೋರಿಗೆ ಯಾರೋ ಇಕ್ತಾರೆ ಅಂತ."

ಸಪ್ನಾ ಚಮಚ ಹಿಡಿದು ನಿಂತೇ ಇದ್ದಳು. ಶಿವರುದ್ರಪ್ಪನವರು ಗೋಡೆಯ ಮೇಲಿನ ಹೆಂಡತಿಯ ಫೋಟೋದ ಕಡೆ ನೋಡಿದರು. ಯಾರೂ ಹೇಳಿಕೊಡದೆ ಅವಳು ಸರಿಯಾದದ್ದನ್ನೇ ಮಾಡಿಕೊಂಡು ಬಂದಿದ್ದಳು. "ಗೌರಾ, ಕೇಳಿದೇನ?" ಎಂದರು.

ಮರುದಿನ ಬೆಳಗ್ಗೆ ಮಹದೇವಮ್ಮ ನಾಲ್ಕಾರು ಕಡೆ ಫೋನು ಮಾಡಿ ಹಾಲುಗಟ್ಟೆಪುರದ ಆ ಮನೆಯ ಹಿರಿಯ ಮರಿಸ್ವಾಮಿಯ ನಂಬರು ಪಡೆದರು. ತಾವೇ ಮಾತನಾಡಿ ವಿಷಯ ತಿಳಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಶಿವರುದ್ರಪ್ಪನವರ ಕೈಗೆ ಕೊಟ್ಟರು. ಆ ಕಡೆಯಿಂದ ಮುದಿ ದನಿಯೊಂದು ಅನುಮಾನದಿಂದಲೇ ಕೇಳಿತು.

"ಪೂನಾದವ್ರಾ? ನೋಡಿ ಸ್ವಾಮಿ, ಬೇಜಾರು ಮಾಡ್ಕೋಬೇಡಿ. ಮೊರದಲ್ಲಿ ಹಿಟ್ಟಿನ ಜೊತೆ ಇನ್ನೇನು ಮಡಗ್ತೀರಿ, ಅದು ಹೇಳಿ."

"ಅವರಿಕಾಳು. ಒಂದು ಹಿಡಿ. ಬಿಳಿ ಅರಿವಿಯೊಳಗ ಕಟ್ಟಿ."

ಆ ದನಿ ಮತ್ತೆ ಕೇಳಿತು, "ಗಂಟು ಎಂಥಾದ್ದು?"

"ಸಡಿಲ ಗಂಟು. ಎಳದರ ಬಿಚ್ಚಬೇಕು, ಬಿಗಿ ಹಾಕಬಾರದು ಅಂತ ನಮ್ಮಜ್ಜಿ ಅಂತಿದ್ದಳು. ಯಾಕಂತ ಗೊತ್ತಿಲ್ಲ."

"ನಂಗೊತ್ತು," ಎಂದಿತು ಆ ದನಿ. ಈಗ ಅದರಲ್ಲಿ ಅನುಮಾನವಿರಲಿಲ್ಲ. "ನಂಗೊತ್ತು ಕಣಣ್ಣ. ಕೇಳು."

ಮರಿಸ್ವಾಮಿ ಹೇಳಿದ್ದು ಇಷ್ಟು. ಇನ್‌ಫ್ಲುಯೆಂಜಾ ಬಂದ ವರ್ಷ ಆ ಮನೆಯ ತಂದೆ ತಾಯಿ ಒಂದೇ ವಾರದಲ್ಲಿ ತೀರಿಕೊಂಡರು. ಉಳಿದವರು ಮೂವರು. ಹಿರಿಯಳು ಕೆಂಪಮ್ಮ, ನಡುವಿನವನು ಸಿದ್ದಪ್ಪ, ಕಿರಿಯವನು ಮಲ್ಲ. ಮರಿಸ್ವಾಮಿ ಸಿದ್ದಪ್ಪನ ಮೊಮ್ಮಗ. ಊರಿನಲ್ಲಿ ದುಡಿಯುವ ಕೈಗೆ ಕೆಲಸವಿಲ್ಲದೆ ಮಲ್ಲ ಹೇಸರಗತ್ತೆ ದಂಡಿನವರ ಹಿಂದೆ ಹೊರಟ. ಮದುವೆಯಿಲ್ಲದೆ ತಮ್ಮಂದಿರನ್ನು ಸಾಕುತ್ತಿದ್ದ ಕೆಂಪಮ್ಮ, ಬೀಜಕ್ಕೆಂದು ಇಟ್ಟಿದ್ದ ಅವರೆಯಲ್ಲಿ ಒಂದು ಹಿಡಿ ತೆಗೆದು ಅವನ ಹೆಗಲ ವಲ್ಲಿಯ ತುದಿಗೆ ಕಟ್ಟಿದಳು. "ಎಲ್ಲಿ ನಿಲ್ತೀಯೋ ಅಲ್ಲಿ ಬಿತ್ತಪ್ಪ. ಬಿಚ್ಚೋಕೆ ಸುಲಭವಾಗ್ಲಿ ಅಂತ ಸಡಿಲ ಕಟ್ಟಿದ್ದೀನಿ" ಎಂದಳು. ಅವನು ಮತ್ತೆ ಬರಲಿಲ್ಲ. ಅಕ್ಕ ತಮ್ಮ ಇಬ್ಬರಿಗೂ ಓದು ಬರಹ ಬಾರದು, ಹಾಗಾಗಿ ಕಾಗದವೂ ಇಲ್ಲ.

"ಮಲ್ಲ ಸತ್ತ ಅಂತ ಸುದ್ದಿ ಬರೋಗಂಟ ಅವನಿಗೆ ಎಲೆ ಹಾಕಿದ್ರೆ ನನ್ನಾಣೆ ಅಂತ ಕೆಂಪಜ್ಜಿ ಹೇಳಿ ಸತ್ತಳು ಕಣಣ್ಣ. ನಾವು ಇನ್ನೂ ಮೊರದಲ್ಲೇ ಮಡಗ್ತಾ ಇದ್ದೀವಿ. ನೂರು ವರ್ಷ ಆಗೋಗದೆ, ನಿಮಗೇನು ಮಂಕಾ ಅಂತ ನಮ್ಮ ಹೈಕಳು ನಗ್ತವೆ. ಏನು ಮಾಡನ, ಸುದ್ದಿ ಬಂದಿಲ್ವಲ್ಲ."

ಆ ಸುದ್ದಿ ಹೇಳಬೇಕಾದವರು ತಾವೇ. ಆಷಾಢದ ಬೆಳಗ್ಗೆ ಬಾಗಿಲಲ್ಲಿ ನಿಂತ ಮಗನ ಮುಖ ಕಣ್ಣ ಮುಂದೆ ಬಂತು.

"ಮರಿಸ್ವಾಮಿ, ನೀವು ಮೊದಲ ಕುಂದರ್ರಿ," ಎಂದರು.

"ಕುಂತೇ ಇದ್ದೀನಿ, ಹೇಳಣ್ಣ."

"ಮಲ್ಲಜ್ಜ ತೀರಿಕೊಂಡಾರ್ರಿ. ನಮ್ಮಪ್ಪ ಕೂಸಿದ್ದಾಗ. ಇಲ್ಲೇ ಖಡಕಿಯೊಳಗ. ಕಾಯಿಲಿ ಬಂದು, ಮನಿಯವರ ಕೈಯಾಗ ನೀರು ಕುಡದು ಹೋದರು. ಹೆಂಡತಿ ಮಕ್ಕಳನ್ನ ಚಂದಾಗಿ ನೋಡಿಕೊಂಡಿದ್ದರು. ಅಕ್ಕನ್ನ ಮರತಿರಲಿಲ್ಲ. ಇಲ್ಲೆ ಅವರು ಇಡ್ತಿದ್ದ ಮೊರ ಕೆಂಪಜ್ಜಿದು. ಅದು ನಮಗ ಇವತ್ತು ತಿಳೀತು."

ಆ ಕಡೆ ಮರಿಸ್ವಾಮಿ ನಿನ್ನೆ ಮೊನ್ನೆಯ ಸಾವಿಗೆ ಅಳುವಂತೆ ಅತ್ತರು. ನಡುವೆಯೇ ತಡೆದು, "ನೀವೂ ಕೇಳಿ. ನಮ್ಮ ಕೆಂಪಜ್ಜಿನೂ ಹೋದ್ಲು ಕಣಣ್ಣ. ತುಂಬಾ ವರ್ಷ ಬದುಕಿದ್ಲು. ಕಡೇಗಂಟ ಕಣ್ಣು ಚೆನ್ನಾಗಿತ್ತು, ದಾರಿ ನೋಡ್ತಿದ್ಲು" ಎಂದರು. ಶಿವರುದ್ರಪ್ಪನವರೂ ಅತ್ತರು. ಕಾಣದ ಅಜ್ಜಿಗೋ, ಕಂಡ ಹೆಂಡತಿಗೋ ಅವರಿಗೇ ತಿಳಿಯಲಿಲ್ಲ. ಮಹದೇವಮ್ಮ ಇಬ್ಬರು ಮುದುಕರ ಅಳು ಕೇಳುತ್ತ ಕುಳಿತಿದ್ದು, ಕೊನೆಗೆ, "ಸಾಕು ಬುಡ್ರಪ್ಪ, ಫೋನು ಸುಟ್ಟೋಯ್ತದೆ. ಎಂಟು ದಿಕ್ಕಲ್ಲಿ ಎಲ್ಲೋ ಇದ್ದೋರು ಸಿಕ್ಕವ್ರೆ, ನಗಬಾರ್ದಾ?" ಎಂದು ಗದರಿದರು. ಆ ಕಡೆಯೂ ಈ ಕಡೆಯೂ ನಗು ಬಂತು.

"ಅಣ್ಣ, ಮನೆದೇವರು ನೆಪ್ಪಿದೆಯಾ ನಿಮಗೆ?" ಎಂದು ಮರಿಸ್ವಾಮಿ ಕೇಳಿದರು.

"ಮಹಾದೇವ. ನಾವು ಶಿಂಗಣಾಪುರದ ಗುಡ್ಡ ಹತ್ತತೀವ್ರಿ."

"ನಮ್ಮ ಮಾದಪ್ಪನೂ ಬೆಟ್ಟದ ಮೇಲೇ ಅವ್ನೆ. ಕಾರ್ತೀಕಕ್ಕೆ ಬನ್ನಿ, ಈ ಬೆಟ್ಟನೂ ಹತ್ತೋರಂತೆ. ನಿಮ್ಮ ಬೆಟ್ಟ ಹತ್ತಿದ್ದು ಸುಳ್ಳಾಗಕ್ಕಿಲ್ಲ."

ಅಮಾವಾಸ್ಯೆ ಬಂತು. ಬೆಳಗ್ಗೆಯೇ ಮಹದೇವಮ್ಮ ರಾಗಿ ಹಿಟ್ಟನ್ನೂ ತಮ್ಮ ಕೋಲನ್ನೂ ಹಿಡಿದು ಬಂದರು. ಪಾತ್ರೆಯನ್ನು ಕಾಲುಗಳ ನಡುವೆ ಒತ್ತಿ ಹಿಡಿದು ತೊಳಸುವುದನ್ನು ಸಪ್ನಾಳಿಗೆ ಕಲಿಸಿದರು. "ಅಂಜಬೇಡ, ಬಲವಾಗಿ ತಿರುವು. ಹಿಟ್ಟಿಗೇನು ನೋವಾಗಕ್ಕಿಲ್ಲ" ಎನ್ನುತ್ತಿದ್ದರು. ಸಪ್ನಾ ಬೆವರುತ್ತ ನಗುತ್ತಿದ್ದಳು. ಆಷಾಢದ ನಂತರ ಅವಳು ಹೀಗೆ ನಕ್ಕಿದ್ದು ಇದೇ ಮೊದಲು.

ಬಸವಪ್ರಭು ಎಲೆಗಳನ್ನು ಹಾಸಿದ. ಮಲ್ಲಜ್ಜ, ಅಜ್ಜಿ, ತಂದೆ, ತಾಯಿ. ಈ ವರ್ಷ ಸಾಲಿನ ಕೊನೆಯಲ್ಲಿ ಮೊರವಿರಲಿಲ್ಲ. ಅಲ್ಲಿ ಕೆಂಪಮ್ಮನಿಗೆ ಒಂದು ಎಲೆ ಬಿತ್ತು. ಅದೇ ಹೊತ್ತಿಗೆ ಹಾಲುಗಟ್ಟೆಪುರದಲ್ಲಿ ಮಲ್ಲನಿಗೆ ಮೊದಲ ಎಲೆ ಬೀಳುತ್ತಿತ್ತು. ಮರಿಸ್ವಾಮಿ ಫೋನಿನಲ್ಲಿ ಅದರ ಚಿತ್ರ ಕಳಿಸಿದ್ದರು. ಕೆಂಪಮ್ಮನ ಪಕ್ಕಕ್ಕೆ ಗೌರಾಬಾಯಿಯ ಎಲೆ. ಕೆಂಪಮ್ಮನಿಗೆ ರಾಗಿಯ ಮುದ್ದೆ ಬಡಿಸಿದರು. ಗೌರಾಬಾಯಿಯ ಎಲೆಗೂ ಅದನ್ನೇ ಇಡಲು ಹೋದ ಸಪ್ನಾಳನ್ನು ಶಿವರುದ್ರಪ್ಪನವರು ತಡೆದರು.

"ನಿಮ್ಮತ್ತಿಗೆ ಜ್ವಾಳದ ಉಂಡಿ ಇಡವಾ. ಆಕಿ ವರ್ಷಾ ಕಟ್ತಿದ್ದದ್ದು ಅದು. ಒಬ್ಬರದೊಬ್ಬರು ರುಚಿ ನೋಡ್ತಾರ."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಬಾಳು ನಿಂತಿದ್ದ. ಕೈಯಲ್ಲಿ ಪಾನಾ ಇರಲಿಲ್ಲ.

"ಆಜೋಬಾ, ಈ ವರ್ಷ ನಲ್ಲಿ ನೋಡೂದು ಏನಿಲ್ಲ," ಎಂದ, ತಾನು ಕಲಿತಿದ್ದ ಮುರುಕು ಕನ್ನಡದಲ್ಲಿ. "ಆಜಿ ಇಲ್ಲಲ್ಲ, ನಮಸ್ಕಾರ ಮಾಡಿ ಹೋಗ್ತೀನಿ ಅಂತ ಬಂದೆ."

"ಹೋಗ್ತೀನಿ ಅಂದ್ರ ಹ್ಯಾಂಗ? ಒಳಗ ಬಾ," ಎಂದು ಶಿವರುದ್ರಪ್ಪನವರು ಅವನ ಕೈ ಹಿಡಿದು ಕರೆತಂದರು. ಗೋಡೆಯ ಮೇಲಿನ ಮೊರವನ್ನು ತಾವೇ ಇಳಿಸಿ, ಒರೆಸಿ, ಮುದ್ದೆ, ಸಾರು, ಹೋಳಿಗೆ ಎಲ್ಲವನ್ನೂ ಅದರೊಳಗಿಟ್ಟು ಅವನ ಮುಂದಿಟ್ಟರು. ಯಾರ ಪಾಲೆಂದು ಈಗ ಯಾರೂ ಕೇಳಬೇಕಾಗಿರಲಿಲ್ಲ. ಗೌರಾ ನಡೆಸಿದ್ದು ನಡೆಯಲಿ ಎಂದಷ್ಟೇ ಅವರ ಮನಸ್ಸಿನಲ್ಲಿತ್ತು. ಬಾಳು ರಾಗಿಯ ಮುದ್ದೆಯನ್ನು ಅನುಮಾನದಿಂದ ನೋಡಿ, "ಈ ವರ್ಷ ಕಪ್ಪಾಗ್ಯಾದಲ್ಲ?" ಎಂದ. "ನುಂಗಪ್ಪ, ಅಗೀಬೇಡ," ಎಂದರು ಮಹದೇವಮ್ಮ.

ಶಿವರುದ್ರಪ್ಪನವರು ಎಲೆಗಳ ಮುಂದೆ ಬಂದು ಕುಳಿತರು. ಕೆಂಪಮ್ಮನ ಎಲೆಯ ಬಳಿ ಇಟ್ಟಿದ್ದ ಅವರೆಕಾಳಿನ ಗಂಟು ಎಳೆದರು. ಅದು ಸುಲಭವಾಗಿ ಬಿಚ್ಚಿಕೊಂಡಿತು. ಕಾಳನ್ನು ಬಾಲ್ಕನಿಯ ಕುಂಡದಲ್ಲಿ ಬಿತ್ತಲು ಮಗನ ಕೈಗೆ ಕೊಟ್ಟು, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿದರು.

"ಬೆಟ್ಟದ ಮಹಾದೇವಾ, ಆ ಬೆಟ್ಟವೂ ನಿನ್ನದೇ, ಈ ಬೆಟ್ಟವೂ ನಿನ್ನದೇ. ಊರು ಮರೆತ ನಮ್ಮನ್ನು ನೀನು ಮರೆಯಲಿಲ್ಲ. ಮಲ್ಲಜ್ಜನನ್ನು ಅವನ ಅಕ್ಕನ ಹತ್ತಿರ ಸೇರಿಸು. ದಾರಿ ನೋಡಿದ ಆ ಕಣ್ಣು ತಣ್ಣಗಾಗಲಿ. ನನ್ನ ಗೌರಾಳನ್ನು ನಿನ್ನ ಪಾದದ ಬಳಿ, ಕೆಂಪಮ್ಮನ ಪಕ್ಕದಲ್ಲಿ ಕುಳ್ಳಿರಿಸಿಕೋ. ಗುರುತಿಲ್ಲದವರಿಗೆಲ್ಲ ಉಣ್ಣಿಸಿದವಳು, ಈಗ ಗುರುತಿದ್ದವರ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಅವಳು ಮಾತು ಬಹಳ ಆಡುತ್ತಾಳೆ, ಬೇಸರಿಸದೆ ಕೇಳು ತಂದೆ. ಅವಳನ್ನು ಇಷ್ಟು ವರ್ಷ ನನಗೆ ಕೊಟ್ಟಿದ್ದಕ್ಕೆ ಶರಣು. ಅವಳಿಗೆ ಶಾಂತಿ ಕೊಡು."